ಮರವಿಲ್ಲದ ಬಯಲಿನ ಹೆದ್ದಾರಿ

ಆಸ್ಟ್ರೇಲಿಯ ಖಂಡದ ನಕ್ಷೆಯನ್ನು ಬಿಡಿಸಿ ನೋಡಿದರೆ ಊರುಗಳ ಹೆಸರುಗಳೆಲ್ಲ ಅಂಚಿನಲ್ಲಿಯೇ ಒತ್ತೊತ್ತಾಗಿ ನಿಂತಿರುವುದು ಕಾಣುತ್ತದೆ. ಸಿಡ್ನಿ, ಮೆಲ್ಬರ್ನ್, ಅಡಿಲೇಡ್, ಪರ್ತ್, ಎಲ್ಲವೂ ಕಡಲಂಚಿನ ನಗರಗಳೇ. ನಡುವಿನ ವಿಶಾಲ ಭೂಭಾಗ ಬಹುಮಟ್ಟಿಗೆ ಬರಿದು. ಆ ಒಳನಾಡನ್ನು ಅಲ್ಲಿಯ ಜನ 'ಔಟ್‌ಬ್ಯಾಕ್' ಎಂದು ಕರೆಯುತ್ತಾರೆ. ದಕ್ಷಿಣ ತೀರದ ಒಂದು ಕಡೆ ಈ ಬರಡು ಒಳನಾಡು ನೇರವಾಗಿ ಕಡಲಿನ ನೆತ್ತಿಯ ಮೇಲೆಯೇ ಬಂದು ನಿಲ್ಲುತ್ತದೆ. ಅದನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟಿಹೋಗುವ ರಸ್ತೆಗೆ ಏರ್ ಹೆದ್ದಾರಿ ಎಂದು ಹೆಸರು. ಪೋರ್ಟ್ ಆಗಸ್ಟಾ ಎಂಬ ಊರಿನಿಂದ ನಾರ್ಸ್‌ಮನ್ ಎಂಬ ಊರಿನವರೆಗೆ ಇದರ ಉದ್ದ ಸುಮಾರು 1660 ಕಿಲೋಮೀಟರು. ಇಷ್ಟು ದೂರದಲ್ಲಿ ಒಂದಾದರೂ ನಗರವಿಲ್ಲ. ಬಯಲಿನ ಭಾಗದಲ್ಲಿ ಒಂದು ಹೊಳೆಯೂ ಇಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941–42ರಲ್ಲಿ, ಅವಸರದಿಂದ ಕಡಿದ ಈ ದಾರಿಗೆ ಕೊನೆಯ ಗಜದವರೆಗೂ ಡಾಂಬರು ಬಿದ್ದದ್ದು 1976ರಲ್ಲಿ. ಅದಕ್ಕೆ ಮೊದಲು ಇಲ್ಲಿ ಬಂದವರು ಧೂಳಿನಲ್ಲಿ ಮಿಂದೇ ದಾಟಬೇಕಾಗಿತ್ತು.

ಪೋರ್ಟ್ ಆಗಸ್ಟಾ ಸ್ಪೆನ್ಸರ್ ಕೊಲ್ಲಿಯ ತುತ್ತತುದಿಯಲ್ಲಿರುವ ಸಣ್ಣ ರೇವುಪಟ್ಟಣ. ನಮಗೆ ಈ ಊರಿನೊಡನೆ ಒಂದು ಹಳೆಯ ಸಂಬಂಧವಿದೆ. 1866ರ ಸುಮಾರಿಗೆ ಕರಾಚಿಯಿಂದ ಹೊರಟ ಹಡಗೊಂದು ನೂರಕ್ಕೂ ಹೆಚ್ಚು ಒಂಟೆಗಳನ್ನೂ ಅವುಗಳನ್ನು ನಡೆಸಬಲ್ಲ ಮೂವತ್ತೊಂದು ಮಂದಿಯನ್ನೂ ಇಲ್ಲಿ ಇಳಿಸಿತು. ಕುದುರೆ ಎತ್ತುಗಳು ನೀರಿಲ್ಲದೆ ಸಾಯುವ ನಾಡಿನಲ್ಲಿ ಒಂಟೆಯೊಂದೇ ಗತಿಯೆಂದು ಅಲ್ಲಿಯವರಿಗೆ ಅರಿವಾಗಿತ್ತು. ಈ ಒಂಟೆಗಾರರನ್ನೂ ಇವರ ಬಳಿಕ ಬಂದವರನ್ನೂ ಎಲ್ಲರೂ 'ಅಫ್ಘನ್ನರು' ಎಂದು ಕರೆದರು. ನಿಜವಾಗಿ ಅವರಲ್ಲಿ ಬಲೂಚಿಗಳೂ ಪಂಜಾಬಿಗಳೂ ಸಿಂಧಿಗಳೂ ಇದ್ದರು. ಅಂದಿನ ಭಾರತದ ಪ್ರಜೆಗಳೇ ಅನೇಕರು. ಗಣಿಗಳಿಗೆ ಅನ್ನ, ತಂತಿಮಾರ್ಗಕ್ಕೆ ಕಂಬ, ಕುರಿಸಾಕಣೆಯ ನೆಲೆಗಳಿಗೆ ಹಿಟ್ಟು ಸಕ್ಕರೆ, ಎಲ್ಲವೂ ಇವರ ಒಂಟೆಗಳ ಬೆನ್ನೇರಿ ಹೋದವು. ಆದರೆ 1901ರಲ್ಲಿ ಆಸ್ಟ್ರೇಲಿಯದ ಸಂಸತ್ತು ವಲಸೆಯನ್ನು ತಡೆಯುವ ಕಾಯಿದೆಯನ್ನು ಮಾಡಿದ ಮೇಲೆ ಬಿಳಿಯರಲ್ಲದವರಿಗೆ ಆ ದೇಶದ ಬಾಗಿಲು ಬಹುಮಟ್ಟಿಗೆ ಮುಚ್ಚಿತು. ದಶಕಗಳ ಕಾಲ ದುಡಿದವರಿಗೂ ಪೌರತ್ವ ಸಿಗಲಿಲ್ಲ. ಹೆಂಡಿರು ಮಕ್ಕಳನ್ನು ಕರೆಸಿಕೊಳ್ಳುವುದೂ ದುಸ್ತರವಾಯಿತು. ಮೋಟಾರು ಲಾರಿಗಳು ಬಂದಾಗ ಒಂಟೆಗಳಿಗೆ ಕೆಲಸ ತಪ್ಪಿತು. ಅನೇಕರು ಅವುಗಳನ್ನು ಕೊಲ್ಲಲಾರದೆ ಬಯಲಿಗೆ ಬಿಟ್ಟುಬಿಟ್ಟರು. ಅವುಗಳ ಸಂತತಿ ಇಂದಿಗೂ ಆಸ್ಟ್ರೇಲಿಯದ ಮರುಭೂಮಿಗಳಲ್ಲಿ ಕಾಡುಪ್ರಾಣಿಗಳಾಗಿ ಅಲೆಯುತ್ತಿದೆ.

ಪೋರ್ಟ್ ಆಗಸ್ಟಾವನ್ನು ಬಿಟ್ಟ ಮೇಲೆ ಮೊದಲ ದಿನದ ದಾರಿ ಗೋಧಿಯ ಹೊಲಗಳ ನಡುವೆ ಸಾಗುತ್ತದೆ. ಕಿಂಬಾ ಎಂಬ ಹಳ್ಳಿ, ಖಂಡವನ್ನು ಅಡ್ಡಲಾಗಿ ದಾಟುವವರಿಗೆ ತಾನೇ ನಟ್ಟನಡುವಿನ ಊರೆಂದು ಹೇಳಿಕೊಳ್ಳುತ್ತದೆ. ಪ್ರತಿಯೊಂದು ಊರಿನ ಬಳಿಯೂ ಧಾನ್ಯ ತುಂಬುವ ಬೃಹತ್ ಕಣಜಗಳು ಗೋಪುರಗಳಂತೆ ನಿಂತಿವೆ. ಊರು ಕಾಣುವುದಕ್ಕೆ ಮೊದಲೇ ಅವು ಕಾಣುತ್ತವೆ. ಸೆಡೂನ ಎಂಬಲ್ಲಿ ದಾರಿ ಮತ್ತೆ ಕಡಲನ್ನು ಮುಟ್ಟುತ್ತದೆ. ಮೀನುಗಾರಿಕೆ, ಸಿಂಪಿಗಳ ಸಾಕಣೆ, ಪಕ್ಕದ ತೆವೆನಾರ್ಡ್ ಬಂದರಿನಿಂದ ಜಿಪ್ಸಮ್ ಮತ್ತು ಧಾನ್ಯದ ಸಾಗಾಟ, ಇವು ಈ ಊರಿನ ಜೀವನಾಧಾರ. ಪಶ್ಚಿಮದಿಂದ ಬರುವ ಪ್ರತಿಯೊಂದು ವಾಹನವನ್ನೂ ಇಲ್ಲಿ ತಡೆದು, ಹಣ್ಣು ತರಕಾರಿಗಳಿದ್ದರೆ ತೆಗೆದುಕೊಳ್ಳುತ್ತಾರೆ. ಒಂದು ಹಣ್ಣಿನೊಳಗೆ ಅಡಗಿ ಬಂದ ನೊಣದ ಮೊಟ್ಟೆಗಳು ಒಂದು ಪ್ರಾಂತದ ತೋಟಗಳನ್ನೆಲ್ಲ ಕೆಡಿಸಬಲ್ಲವೆಂಬ ಭಯವೇ ಇದಕ್ಕೆ ಕಾರಣ. ಪಶ್ಚಿಮಕ್ಕೆ ಹೋಗುವವರಿಗೆ ಇದೇ ತಪಾಸಣೆ ರಾಜ್ಯದ ಗಡಿಯಲ್ಲಿ ನಡೆಯುತ್ತದೆ.

ಸೆಡೂನ ದಾಟಿದ ಮೇಲೆ ಪೆನಾಂಗ್ ಬರುತ್ತದೆ. ಇಲ್ಲಿಯ ನೆಲದಡಿಯ ನೀರನ್ನು ಎತ್ತುವ ಗಾಳಿಯಂತ್ರಗಳ ಸಾಲು ಪ್ರಯಾಣಿಕನ ಕಣ್ಣಿಗೆ ಬೀಳುತ್ತದೆ. ಇನ್ನೂ ಮುಂದೆ ಹೋದರೆ ಹೆದ್ದಾರಿಯನ್ನು ಒಂದು ತಂತಿಬೇಲಿ ಅಡ್ಡಹಾಯುತ್ತದೆ. ನೋಡುವುದಕ್ಕೆ ಅದು ಯಾವುದೋ ಹೊಲದ ಬೇಲಿಯಂತಿದ್ದರೂ ಅದರ ಉದ್ದ 5000 ಕಿಲೋಮೀಟರಿಗೂ ಹೆಚ್ಚು! ಡಿಂಗೊ ಎಂಬ ಕಾಡುನಾಯಿಗಳಿಂದ ಕುರಿಹಿಂಡುಗಳನ್ನು ಕಾಪಾಡಲು ಕಟ್ಟಿದ ಈ ಬೇಲಿ ಪೂರ್ವದ ಕ್ವೀನ್ಸ್‌ಲೆಂಡಿನಲ್ಲಿ ಆರಂಭವಾಗಿ ಇಲ್ಲಿಯ ಕಡಲ ಕಡಿದಾದ ಅಂಚಿಗೆ ಬಂದು ಮುಗಿಯುತ್ತದೆ.

ಈ ತೀರದಲ್ಲಿರುವ ಫೌಲರ್ಸ್ ಬೇ ಎಂಬ ಸಣ್ಣ ಕೊಲ್ಲಿಯಿಂದ 1841ರ ಫೆಬ್ರವರಿಯಲ್ಲಿ ಐವರು ಪಶ್ಚಿಮಕ್ಕೆ ಹೊರಟರು. ಅವರ ಮುಖಂಡ ಎಡ್ವರ್ಡ್ ಜಾನ್ ಏರ್. ಹೆದ್ದಾರಿಗೆ ಇಟ್ಟಿರುವುದು ಅವನ ಹೆಸರನ್ನೇ. ಜೊತೆಯಲ್ಲಿ ಜಾನ್ ಬ್ಯಾಕ್ಸ್ಟರ್ ಎಂಬ ಬಿಳಿಯ ಸಂಗಡಿಗ, ಮತ್ತು ಮೂವರು ಮೂಲನಿವಾಸಿ ಯುವಕರು. ಆ ಮೂವರಲ್ಲಿ ವೈಲಿ ಎಂಬುವನು ಪಶ್ಚಿಮದ ಆಲ್ಬನಿಯ ಕಡೆಯವನು. ಹೊರಟ ಕೆಲವೇ ದಿನಗಳಲ್ಲಿ ನೀರು ತೀರಿತು. ಆಗ ಇವರ ಪ್ರಾಣ ಉಳಿದದ್ದು ಆ ತೀರದ ಮೂಲನಿವಾಸಿಗಳಿಂದ. ಮರಳುದಿಣ್ಣೆಗಳ ನಡುವೆ ಎಲ್ಲಿ ತೋಡಿದರೆ ಸಿಹಿನೀರು ಸಿಗುತ್ತದೆಂಬುದನ್ನು ಅವರು ತೋರಿಸಿಕೊಟ್ಟರು. ಕಡಲಿನಿಂದ ಕೂಗಳತೆಯ ದೂರದಲ್ಲಿ ಸಿಹಿನೀರು ಹೇಗೆ ಬಂತೆಂದು ಆಶ್ಚರ್ಯವಾಗಬಹುದು. ದಿಣ್ಣೆಯ ಮೇಲೆ ಬಿದ್ದ ಮಳೆ ಮರಳಿನಲ್ಲಿ ಇಂಗಿ ಕೆಳಗಿಳಿಯುತ್ತದೆ. ಸಿಹಿನೀರು ಉಪ್ಪುನೀರಿಗಿಂತ ಹಗುರ. ಆದುದರಿಂದ ಅದು ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತ ನಿಲ್ಲುತ್ತದೆ. ಹದವರಿತು ಸ್ವಲ್ಪವೇ ತೋಡಿದವನಿಗೆ ಅದು ದಕ್ಕುತ್ತದೆ. ಆಸೆಯಿಂದ ಆಳಕ್ಕೆ ತೋಡಿದವನಿಗೆ ಉಪ್ಪುನೀರೇ ಗತಿ. ಈ ವಿದ್ಯೆ ಯಾವ ಪುಸ್ತಕದಲ್ಲಿಯೂ ಇರಲಿಲ್ಲ.

ಅಂಥದೇ ಇನ್ನೊಂದು ನೀರಿನ ತಾಣ ಉತ್ತರದಲ್ಲಿ ಊಲ್ಡಿಯ ಎಂಬಲ್ಲಿತ್ತು. ಅದೆಷ್ಟೋ ತಲೆಮಾರುಗಳಿಂದ ಬೇರೆ ಬೇರೆ ಬುಡಕಟ್ಟುಗಳ ಜನ ಬರಗಾಲದಲ್ಲಿ ಅಲ್ಲಿ ಬಂದು ಸೇರುತ್ತಿದ್ದರು. 1917ರಲ್ಲಿ ಬಯಲಿನ ಮೇಲೆ ರೈಲುಮಾರ್ಗ ಮುಗಿಯಿತು. ಅದರ ಒಂದು ಭಾಗ 478 ಕಿಲೋಮೀಟರು ದೂರ ಎಲ್ಲಿಯೂ ಬಾಗದೆ ಗೆರೆ ಎಳೆದಂತೆ ಸಾಗುತ್ತದೆ, ಜಗತ್ತಿನಲ್ಲಿ ಅಷ್ಟು ನೇರವಾದ ಹಳಿ ಬೇರೆಲ್ಲಿಯೂ ಇಲ್ಲ. ಉಗಿಬಂಡಿಗಳ ಬಾಯಾರಿಕೆಗೆ ಊಲ್ಡಿಯದ ನೀರನ್ನು ಎತ್ತತೊಡಗಿದರು. ಹತ್ತು ವರ್ಷಗಳೊಳಗೆ ಆ ತಾಣ ಕೆಟ್ಟುಹೋಯಿತು. 1952ರಲ್ಲಿ ಅಲ್ಲಿ ಉಳಿದಿದ್ದ ಜನರನ್ನು ದಕ್ಷಿಣಕ್ಕೆ, ಈಗ ಹೆದ್ದಾರಿಯ ಮಗ್ಗುಲಲ್ಲಿರುವ ಯಲಾಟ ಎಂಬಲ್ಲಿಗೆ ಕರೆತಂದರು. ಅವರ ಹಿಂದಿನ ನೆಲದಲ್ಲಿ, ಮರಲಿಂಗ ಎಂಬಲ್ಲಿ, 1956 ಮತ್ತು 1957ರಲ್ಲಿ ಬ್ರಿಟಿಷ್ ಸರಕಾರ ಏಳು ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿತು. ಆ ಪ್ರದೇಶ ಬರಿದಾಗಿದೆ, ಅಲ್ಲಿ ಯಾರೂ ಇಲ್ಲ ಎಂಬುದು ಆಳುವವರ ಲೆಕ್ಕಾಚಾರ. ನಕ್ಷೆಯಲ್ಲಿ ಊರಿನ ಹೆಸರಿಲ್ಲದಿದ್ದರೆ ಅಲ್ಲಿ ಮನುಷ್ಯರೂ ಇಲ್ಲವೆಂದು ಭಾವಿಸುವುದು ಎಷ್ಟು ಸುಲಭ! ನೆಲವನ್ನು ಅದರ ಒಡೆಯರಿಗೆ ಕಾನೂನಿನ ಮೂಲಕ ಹಿಂದಿರುಗಿಸಿದ್ದು 1984ರಲ್ಲಿ. ವಿಷವಾಗಿದ್ದ ಮಣ್ಣನ್ನು ಶುದ್ಧಗೊಳಿಸುವ ಕೆಲಸ ಅದರ ನಂತರವೂ ಎಷ್ಟೋ ವರ್ಷ ನಡೆಯಿತು.

ಯಲಾಟವನ್ನು ಬಿಟ್ಟು ಮುಂದೆ ಹೋದಂತೆ ಕುರುಚಲು ಮರಗಳು ವಿರಳವಾಗುತ್ತ ಬಂದು, ಒಂದು ಕಡೆ ಇದ್ದಕ್ಕಿದ್ದಂತೆ ನಿಂತೇಹೋಗುತ್ತವೆ. ಇದೇ ನಲ್ಲರ್ಬಾರ್ ಬಯಲು. ಇದು ಅಲ್ಲಿಯ ಬುಡಕಟ್ಟಿನ ಮಾತಿನಂತೆ ಕೇಳಿಸಿದರೂ ಲ್ಯಾಟಿನ್ ಭಾಷೆಯ ಎರಡು ಪದಗಳ ಜೋಡಣೆ. 'ಒಂದೂ ಮರವಿಲ್ಲ' ಎಂದು ಅರ್ಥ. ಸುಮಾರು ಎರಡು ಲಕ್ಷ ಚದರ ಕಿಲೋಮೀಟರು ಹರಡಿರುವ ಒಂದೇ ಸುಣ್ಣಕಲ್ಲಿನ ಹಾಸು ಇದು. ಕೋಟ್ಯಂತರ ವರ್ಷಗಳ ಹಿಂದೆ ಇದು ಕಡಲ ತಳವಾಗಿತ್ತು. ಚಿಪ್ಪಿನ ಜೀವಿಗಳ ಕವಚಗಳು ಪದರಪದರವಾಗಿ ಕೂಡಿ ಕಲ್ಲಾದವು. ಆ ಬಳಿಕ ನೆಲ ಮೇಲೆದ್ದಿತು. ಇಲ್ಲಿ ಮಳೆಯೇ ಬರುವುದಿಲ್ಲವೆಂದಲ್ಲ. ಬಿದ್ದ ಅಲ್ಪ ಮಳೆಯೂ ಸುಣ್ಣಕಲ್ಲನ್ನು ಕರಗಿಸುತ್ತ ಬಿರುಕುಗಳ ಮೂಲಕ ನೆಲದೊಳಕ್ಕೆ ಇಳಿದುಹೋಗುತ್ತದೆ. ಆದುದರಿಂದ ಮೇಲೆ ಹೊಳೆಯಿಲ್ಲ, ಕೆರೆಯಿಲ್ಲ. ಕೆಳಗೆ ಮಾತ್ರ ಗುಹೆಗಳ ಮಹಾಜಾಲವೇ ಇದೆ. ಕೆಲವು ಗುಹೆಗಳಲ್ಲಿ ಕಿಲೋಮೀಟರುಗಟ್ಟಲೆ ನೀರು ತುಂಬಿದೆ, ಆದರೆ ಉಪ್ಪುನೀರು. ನೆಲದ ಮೇಲೆ ಅಲ್ಲಲ್ಲಿ ಸಣ್ಣ ಕಂಡಿಗಳಿವೆ. ಹೊರಗಿನ ವಾಯುವಿನ ಒತ್ತಡ ಹೆಚ್ಚಿದಾಗ ಗಾಳಿ ಅವುಗಳೊಳಕ್ಕೆ ರಭಸದಿಂದ ನುಗ್ಗುತ್ತದೆ, ಒತ್ತಡ ತಗ್ಗಿದಾಗ ಹೊರಕ್ಕೆ ಬೀಸುತ್ತದೆ. ಬಯಲೇ ಉಸಿರಾಡುತ್ತಿದೆಯೋ ಎನಿಸುತ್ತದೆ.

ಕೂನಾಲ್ಡ ಎಂಬ ಗುಹೆಯ ಒಳಗೋಡೆಗಳ ಮೆತ್ತನೆಯ ಸುಣ್ಣದ ಮೇಲೆ ಮನುಷ್ಯರು ಬೆರಳುಗಳಿಂದ ಎಳೆದ ಗೆರೆಗಳಿದ್ದವು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಹತ್ಯಾರುಗಳಿಗಾಗಿ ಚಕಮಕಿ ಕಲ್ಲನ್ನು ಅಗೆಯಲು ಕತ್ತಲೆಯೊಳಗೆ ಇಳಿದವರು ಬಿಟ್ಟುಹೋದ ಗುರುತುಗಳವು. ಯಾರೋ ದುಷ್ಕರ್ಮಿಗಳು ಬೇಲಿಯನ್ನು ನುಸುಳಿ ಹೋಗಿ ಅವುಗಳ ಮೇಲೆ ಗೀಚಿ ಕೆಡಿಸಿದ ಸುದ್ದಿ 2022ರಲ್ಲಿ ಹೊರಬಿತ್ತು. ಸುಣ್ಣದ ಮೇಲ್ಮೈ ಬಹಳ ಮೃದು; ಗೀಚಿದ್ದನ್ನು ಅಳಿಸಹೋದರೆ ಹಳೆಯ ಗೆರೆಗಳೂ ಅಳಿಯುತ್ತವೆ.

ಈ ಬಯಲು ಕಡಲಿನ ಬಳಿ ಇಳಿಜಾರಾಗಿ ಇಳಿಯುವುದಿಲ್ಲ. ಚಾಕುವಿನಿಂದ ಕತ್ತರಿಸಿದಂತೆ ಥಟ್ಟನೆ ಮುಗಿಯುತ್ತದೆ. ಬಂಡ ಎಂಬ ಈ ಪ್ರಪಾತಗಳ ಎತ್ತರ ಅರವತ್ತು ಮೀಟರಿಗೂ ಹೆಚ್ಚು. ಕೆಳಗೆ ದಕ್ಷಿಣ ಸಾಗರ. ಅಲ್ಲಿಂದ ಮುಂದೆ ಅಂಟಾರ್ಕ್ಟಿಕದವರೆಗೆ ನೆಲವೇ ಇಲ್ಲ. ಜೂನ್ ತಿಂಗಳಿನಿಂದ ಅಕ್ಟೋಬರ್‌ವರೆಗೆ ಆ ತಂಪು ಕಡಲಿನಿಂದ ತಿಮಿಂಗಿಲಗಳು ಮರಿಹಾಕಲು ಈ ತೀರಕ್ಕೆ ಬರುತ್ತವೆ. ದಂಡೆಯ ಮೇಲೆ ನಿಂತವರಿಗೆ ತಾಯಿಯೂ ಮರಿಯೂ ಜೊತೆಯಾಗಿ ತೇಲುವುದು ಸ್ಪಷ್ಟವಾಗಿ ಕಾಣುತ್ತದೆ. ಇಂಗ್ಲಿಷಿನಲ್ಲಿ ಇವುಗಳ ಹೆಸರಿಗೆ 'ಸರಿಯಾದ ತಿಮಿಂಗಿಲ' ಎಂದು ಅರ್ಥ. ನಿಧಾನವಾಗಿ ಈಜುತ್ತವೆ, ಸತ್ತ ಮೇಲೆ ಮುಳುಗದೆ ತೇಲುತ್ತವೆ, ಎಣ್ಣೆಯೂ ಹೇರಳ. ಆದುದರಿಂದ ಬೇಟೆಗೆ ಇವೇ ಸರಿಯಾದವು ಎಂದು ಬೇಟೆಗಾರರು ಇಟ್ಟ ಹೆಸರೆಂದು ಹೇಳುತ್ತಾರೆ. ಹತ್ತೊಂಬತ್ತನೆಯ ಶತಮಾನದ ಬೇಟೆಯಲ್ಲಿ ಅಳಿವಿನ ಅಂಚನ್ನು ಕಂಡ ಈ ಪ್ರಾಣಿಗಳು ರಕ್ಷಣೆ ದೊರೆತ ಮೇಲೆ ಮೆಲ್ಲಮೆಲ್ಲನೆ ಮರಳಿ ಬರುತ್ತಿವೆ.

ರಾಜ್ಯದ ಗಡಿಯನ್ನು ದಾಟಿದರೆ ಯೂಕ್ಲ. ದಕ್ಷಿಣ ಆಸ್ಟ್ರೇಲಿಯದ ಗಡಿಯಾರಕ್ಕೂ ಪಶ್ಚಿಮ ಆಸ್ಟ್ರೇಲಿಯದ ಗಡಿಯಾರಕ್ಕೂ ಒಂದೂವರೆ ಗಂಟೆಯ ಅಂತರ. ಯೂಕ್ಲದ ಸುತ್ತಲಿನ ಬೆರಳೆಣಿಕೆಯ ನೆಲೆಗಳ ಜನ ಎರಡಕ್ಕೂ ಒಪ್ಪದೆ, ಸರಿಯಾಗಿ ನಡುವಿನ ಮುಕ್ಕಾಲು ಗಂಟೆಯ ಸಮಯವನ್ನು ತಮ್ಮಷ್ಟಕ್ಕೆ ತಾವೇ ಇಟ್ಟುಕೊಂಡಿದ್ದಾರೆ! 1877ರಲ್ಲಿ ಪರ್ತ್ ಮತ್ತು ಅಡಿಲೇಡುಗಳ ನಡುವೆ ತಂತಿಮಾರ್ಗ ಕೂಡಿದಾಗ ಯೂಕ್ಲ ಪ್ರಸಿದ್ಧವಾಯಿತು. ಒಂದು ಕಡೆಯ ನೌಕರರು ಕೇಳಿ ಬರೆದುಕೊಂಡ ಸಂದೇಶವನ್ನು ಇನ್ನೊಂದು ಕಡೆಯವರ ಕೈಗೆ ಕೊಡುತ್ತಿದ್ದರು. ಅವರು ಅದನ್ನು ಮುಂದಕ್ಕೆ ಕಳಿಸುತ್ತಿದ್ದರು. 1890ರ ದಶಕದಲ್ಲಿ ಪೂರ್ವದಿಂದ ಮೊಲಗಳ ದಂಡು ಬಂತು. ಮೊಲಗಳು ಆಸ್ಟ್ರೇಲಿಯದ ಪ್ರಾಣಿಗಳಲ್ಲ. ಬೇಟೆಯ ಶೋಕಿಗಾಗಿ ಯೂರೋಪಿನಿಂದ ತಂದು ಬಿಟ್ಟವು. ದಿಣ್ಣೆಗಳ ಮೇಲಿನ ಗಿಡಬಳ್ಳಿಗಳನ್ನು ಅವು ಮೇಯ್ದು ಮುಗಿಸಿದವು. ಬೇರಿನ ಹಿಡಿತ ತಪ್ಪಿದ ಮರಳು ಗಾಳಿಯೊಡನೆ ನಡೆಯತೊಡಗಿತು. ಆ ಊರನ್ನು ಜನ ಬಿಟ್ಟುಹೋದರು. ಇಂದು ತಂತಿಮನೆಯ ಮುರುಕು ಗೋಡೆಗಳು ಬಿಳಿಯ ಮರಳಿನಲ್ಲಿ ಹುದುಗಿ ನಿಂತಿವೆ. ಗಾಳಿ ತಿರುಗಿದಂತೆ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ ಕಾಣುತ್ತವೆ.

ಯೂಕ್ಲದಿಂದ ಮುಂದೆ ನಕ್ಷೆಯಲ್ಲಿ ಮಂಡ್ರಾಬಿಲ, ಮದುರ, ಕಾಕಲ್‌ಬಿಡಿ, ಕೈಗೂನ, ಬಲಡೋನಿಯ ಎಂಬ ಹೆಸರುಗಳು ಕಾಣುತ್ತವೆ. ಊರುಗಳೆಂದು ನಂಬಿ ಹೋದವನಿಗೆ ಸಿಗುವುದು ಒಂದು ಪೆಟ್ರೋಲ್ ಪಂಪು, ಒಂದು ಹೋಟೆಲು, ಮಲಗಲು ಕೆಲವು ಕೋಣೆಗಳು, ಅಷ್ಟೇ. ವಿದ್ಯುತ್ತನ್ನು ಇವರೇ ಉತ್ಪಾದಿಸಿಕೊಳ್ಳಬೇಕು. ನೆಲದಡಿಯ ಉಪ್ಪುನೀರನ್ನು ಶುದ್ಧಮಾಡಿಕೊಳ್ಳಬೇಕು. ಇಲ್ಲವೆ ಮಳೆಯ ನೀರನ್ನು ತೊಟ್ಟಿಗಳಲ್ಲಿ ಕಾಪಿಡಬೇಕು. ಆದುದರಿಂದ ತಿಳಿದ ಪ್ರಯಾಣಿಕರು ತಮ್ಮ ನೀರನ್ನು ತಾವೇ ಹೊತ್ತುಕೊಂಡು ಹೋಗುತ್ತಾರೆ. ಸಂಜೆಯಾದ ಮೇಲೆ ವಾಹನ ನಡೆಸುವುದನ್ನೂ ಬಲ್ಲವರು ಬಿಡುತ್ತಾರೆ. ಕತ್ತಲಾಗುತ್ತಲೇ ಕಾಂಗರೂಗಳು ಮೇವಿಗಾಗಿ ರಸ್ತೆಯ ಬದಿಗೆ ಬರುತ್ತವೆ. ಎರಡು ಮೂರು ಡಬ್ಬಿಗಳನ್ನು ಎಳೆಯುವ 'ರಸ್ತೆರೈಲು'ಗಳೆಂಬ ಬೃಹತ್ ಲಾರಿಗಳು ಮಾತ್ರ ಹಗಲಿರುಳೂ ಓಡುತ್ತವೆ.

ಕೈಗೂನ ಮತ್ತು ಬಲಡೋನಿಯಗಳ ನಡುವೆ 146 ಕಿಲೋಮೀಟರು ದೂರ ರಸ್ತೆ ಒಮ್ಮೆಯೂ ಬಾಗುವುದಿಲ್ಲ. ಇಂಥ ಕಡೆ ಅಪಾಯ ಬರುವುದು ತಿರುವಿನಿಂದಲ್ಲ, ತೂಕಡಿಕೆಯಿಂದ. ಹೆದ್ದಾರಿಯ ಕೆಲವು ಭಾಗಗಳಲ್ಲಿ ರಸ್ತೆಯನ್ನು ಅಗಲಮಾಡಿ, ಅಡ್ಡಲಾಗಿ ದಪ್ಪ ಬಿಳಿಯ ಪಟ್ಟೆಗಳನ್ನು ಬಳಿದಿರುವುದು ಕಾಣುತ್ತದೆ. ಅದು ವಿಮಾನ ಇಳಿಯುವ ತಾಣ. 1928ರಲ್ಲಿ ಜಾನ್ ಫ್ಲಿನ್ ಎಂಬ ಪಾದ್ರಿ ಆರಂಭಿಸಿದ 'ಹಾರುವ ವೈದ್ಯರ' ಸೇವೆ ಒಳನಾಡಿನ ರೋಗಿಗಳ ಬಳಿಗೆ ವೈದ್ಯರನ್ನೇ ವಿಮಾನದಲ್ಲಿ ಕಳಿಸುತ್ತದೆ. ಅಪಘಾತವಾದಾಗ ವಾಹನಗಳನ್ನು ಎರಡೂ ಕಡೆ ತಡೆದು ನಿಲ್ಲಿಸುತ್ತಾರೆ. ವಿಮಾನ ಹೆದ್ದಾರಿಯ ಮೇಲೆಯೇ ಇಳಿದು ಗಾಯಾಳುವನ್ನು ಎತ್ತಿಕೊಂಡು ಹೋಗುತ್ತದೆ.

ಕೈಗೂನದ ದಕ್ಷಿಣಕ್ಕೆ, ಕಡಲ ಪ್ರಪಾತದ ಬಳಿ, ಒಂಟಿ ಸ್ಮಾರಕವೊಂದಿದೆ. 1841ರ ಏಪ್ರಿಲ್ 29ರ ರಾತ್ರಿ ಏರ್ ಕುದುರೆಗಳನ್ನು ಕಾಯುತ್ತಿದ್ದಾಗ ಗುಂಡಿನ ಸದ್ದು ಕೇಳಿತು. ಮೂವರು ಯುವಕರಲ್ಲಿ ಇಬ್ಬರು ಬ್ಯಾಕ್ಸ್ಟರನನ್ನು ಕೊಂದು, ಬಂದೂಕುಗಳನ್ನೂ ಆಹಾರದ ಬಹುಭಾಗವನ್ನೂ ಒಯ್ದಿದ್ದರು. ಹೆಣವನ್ನು ಹೂಳೋಣವೆಂದರೆ ಎಲ್ಲಿ ನೋಡಿದರೂ ಹಾಸುಗಲ್ಲು, ಗುದ್ದಲಿ ಇಳಿಯಲಿಲ್ಲ. ಕಂಬಳಿಯಲ್ಲಿ ಸುತ್ತಿ ಅಲ್ಲಿಯೇ ಬಿಟ್ಟು ಏರ್ ಮುಂದೆ ಹೊರಟ. ಜೊತೆಗೆ ಉಳಿದವನು ವೈಲಿಯೊಬ್ಬನೇ. ಬೆಳಗಿನ ಜಾವ ಗಿಡಗಳ ಎಲೆಗಳ ಮೇಲಿನ ಇಬ್ಬನಿಯನ್ನು ಒರೆಸಿ ಹಿಂಡಿ ಕುಡಿದು ಬಾಯಾರಿಕೆಯನ್ನು ಕಳೆದ ದಿನಗಳೂ ಅವರಿಗೆ ಬಂದವು.

ಬಲಡೋನಿಯದ ಹೋಟೆಲಿನ ಸಂಗ್ರಹಾಲಯದಲ್ಲಿ ಬೇರೊಂದು ಬಗೆಯ ಕೌತುಕವಿದೆ. 1979ರಲ್ಲಿ ಅಮೆರಿಕದ ಸ್ಕೈಲ್ಯಾಬ್ ಎಂಬ ಬಾಹ್ಯಾಕಾಶ ನಿಲ್ದಾಣ ನೆಲಕ್ಕೆ ಬೀಳಲಿದೆ ಎಂಬ ಸುದ್ದಿ ಹಬ್ಬಿದಾಗ ನಮ್ಮ ದೇಶದಲ್ಲಿಯೂ ಜನ ಕಂಗಾಲಾಗಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಆ ವರ್ಷದ ಜುಲೈಯಲ್ಲಿ ಅದರ ಚೂರುಗಳು ಬಿದ್ದದ್ದು ಬಲಡೋನಿಯ ಮತ್ತು ಎಸ್ಪೆರನ್ಸ್‌ಗಳ ಸುತ್ತಿನಲ್ಲಿ. ಯಾರಿಗೂ ಗಾಯವಾಗಲಿಲ್ಲ. ಎಸ್ಪೆರನ್ಸಿನ ಸ್ಥಳೀಯ ಆಡಳಿತ, ಬೀದಿಯಲ್ಲಿ ಕಸ ಹಾಕಿದ ಅಪರಾಧಕ್ಕಾಗಿ ಅಮೆರಿಕದ ನಾಸಾ ಸಂಸ್ಥೆಗೆ 400 ಡಾಲರು ದಂಡ ವಿಧಿಸಿತು. ಮೂವತ್ತು ವರ್ಷಗಳ ಬಳಿಕ, 2009ರಲ್ಲಿ, ಅಮೆರಿಕದ ಒಬ್ಬ ರೇಡಿಯೊ ನಿರೂಪಕ ತನ್ನ ಶ್ರೋತೃಗಳಿಂದ ಹಣ ಕೂಡಿಸಿ ಅದನ್ನು ಕಟ್ಟಿದ!

ಇಲ್ಲಿಂದ ಮರಗಳು ಮತ್ತೆ ಕಾಣಿಸುತ್ತವೆ. ನುಣುಪಾದ ತಾಮ್ರವರ್ಣದ ಕಾಂಡಗಳ ನೀಲಗಿರಿ ಜಾತಿಯ ಮರಗಳ ಕಾಡಿನ ನಡುವೆ ದಾರಿ ನಾರ್ಸ್‌ಮನ್ ಸೇರುತ್ತದೆ. ಕುದುರೆಯೊಂದು ಕಾಲಿನಿಂದ ನೆಲ ಕೆರೆದಾಗ ಚಿನ್ನ ಕಂಡಿತೆಂದೂ ಅದರ ಹೆಸರನ್ನೇ ಊರಿಗೆ ಇಟ್ಟರೆಂದೂ ಇಲ್ಲಿಯ ಐತಿಹ್ಯ. ಉತ್ತರಕ್ಕೆ ತಿರುಗಿದರೆ ಚಿನ್ನದ ನಾಡಿನ ರಾಜಧಾನಿಯಂತಿರುವ ಕಾಲ್ಗೂರ್ಲಿ. 1892ರಲ್ಲಿ ಕೂಲ್‌ಗಾರ್ಡಿಯಲ್ಲಿ, ಮರುವರ್ಷ ಕಾಲ್ಗೂರ್ಲಿಯಲ್ಲಿ ಚಿನ್ನ ಸಿಕ್ಕಿತು. ಸಾವಿರಾರು ಜನ ನುಗ್ಗಿದರು, ಕುಡಿಯಲು ನೀರಿರಲಿಲ್ಲ. ಉಪ್ಪುನೀರನ್ನು ಕುದಿಸಿ ಆವಿಯನ್ನು ತಣಿಸಿ ಮಾರುತ್ತಿದ್ದರು. ಅದರ ಸೌದೆಗಾಗಿ ಕಾಡು ಬೋಳಾಯಿತು. ವಿಷಮಶೀತಜ್ವರದಿಂದ ಅನೇಕರು ಸತ್ತರು. ಆಗ ಸರಕಾರದ ಮುಖ್ಯ ಎಂಜಿನಿಯರಾಗಿದ್ದ ಸಿ. ವೈ. ಓಕಾನರ್ ಒಂದು ಯೋಜನೆಯನ್ನು ಮುಂದಿಟ್ಟ. ಪರ್ತಿನ ಬಳಿಯ ಬೆಟ್ಟಗಳಲ್ಲಿ ಅಣೆಕಟ್ಟು ಕಟ್ಟಿ, ಎರಡೂವರೆ ಅಡಿ ಅಗಲದ ಉಕ್ಕಿನ ಕೊಳವೆಯಲ್ಲಿ ನೀರನ್ನು ಎಂಟು ಕಡೆ ಯಂತ್ರಗಳಿಂದ ಒತ್ತುತ್ತ, ಮುನ್ನೂರು ಮೀಟರಿಗೂ ಎತ್ತರಕ್ಕೆ ಏರಿಸಿ, ಸುಮಾರು 560 ಕಿಲೋಮೀಟರು ದೂರ ಸಾಗಿಸುವುದು. ನೀರು ಬೆಟ್ಟ ಹತ್ತುವುದುಂಟೇ ಎಂದು ನಕ್ಕವರಿದ್ದರು. ಪತ್ರಿಕೆಗಳು ಅವನ ಪ್ರಾಮಾಣಿಕತೆಯನ್ನೇ ಶಂಕಿಸಿ ಬರೆದವು. ಆ ಪೀಡೆಯನ್ನು ತಾಳಲಾರದೆ 1902ರ ಮಾರ್ಚಿಯಲ್ಲಿ ಓಕಾನರ್ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ಒಂದು ವರ್ಷ ತುಂಬುವ ಮೊದಲೇ, 1903ರ ಜನವರಿ 24ರಂದು, ನೀರು ಕಾಲ್ಗೂರ್ಲಿಯನ್ನು ಮುಟ್ಟಿತು. ಆ ಕೊಳವೆಮಾರ್ಗ ಇಂದಿಗೂ ನಡೆಯುತ್ತಿದೆ. ಪರ್ತಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಬಹುದೂರದವರೆಗೆ ಜೊತೆಗಾರನಂತೆ ಬರುತ್ತದೆ.

ನಾರ್ಸ್‌ಮನ್‌ನಿಂದ ದಕ್ಷಿಣಕ್ಕೆ ಇನ್ನೂರು ಕಿಲೋಮೀಟರು ಇಳಿದರೆ ಎಸ್ಪೆರನ್ಸ್. 1792ರಲ್ಲಿ ಇಲ್ಲಿ ಆಶ್ರಯ ಪಡೆದ ಫ್ರೆಂಚ್ ಹಡಗಿನ ಹೆಸರೇ ಊರಿನ ಹೆಸರು. ಅದಕ್ಕೆ 'ಭರವಸೆ' ಎಂದು ಅರ್ಥ. ಹಿಟ್ಟಿನಂತೆ ನುಣುಪಾದ ಬಿಳಿಯ ಮರಳು, ನೀಲಿಯ ನೀರು, ಮರಳಿನ ಮೇಲೆ ಬಂದು ಬಿಸಿಲು ಕಾಯಿಸುವ ಕಾಂಗರೂಗಳು! ಅಷ್ಟು ದಿನ ಒಣನೆಲವನ್ನೇ ಕಂಡ ಕಣ್ಣಿಗೆ ಇದು ಬೇರೆಯೇ ಲೋಕ. ಊರಿನ ಪೂರ್ವಕ್ಕಿರುವ ರಾಸಿಟರ್ ಕೊಲ್ಲಿಯಲ್ಲಿ 1841ರ ಜೂನ್ ತಿಂಗಳಲ್ಲಿ ಒಂದು ಫ್ರೆಂಚ್ ಹಡಗು ಲಂಗರು ಹಾಕಿತ್ತು. ತಿಮಿಂಗಿಲ ಬೇಟೆಯ ಹಡಗು, ಹೆಸರು ಮಿಸಿಸಿಪಿ. ಹಸಿವಿನಿಂದ ಜರ್ಜರಿತರಾಗಿದ್ದ ಏರ್ ಮತ್ತು ವೈಲಿಯರನ್ನು ಅದರ ಕಪ್ತಾನ ರಾಸಿಟರ್ ಎರಡು ವಾರಗಳ ಹತ್ತಿರ ಇರಿಸಿಕೊಂಡು ಉಪಚರಿಸಿದ. ಬಳಿಕ ಇಬ್ಬರೂ ಮಳೆಗಾಲದ ಕೆಸರಿನಲ್ಲಿ ನಡೆದು ಜುಲೈ ತಿಂಗಳ ಮೊದಲ ವಾರದಲ್ಲಿ ಆಲ್ಬನಿ ಸೇರಿದರು.

ಏರ್ ಮುಂದೆ ಜಮೈಕದ ರಾಜ್ಯಪಾಲನಾದ. 1865ರಲ್ಲಿ ಅಲ್ಲಿಯ ಕರಿಯ ಪ್ರಜೆಗಳ ಬಂಡಾಯವನ್ನು ನೂರಾರು ಜನರ ರಕ್ತ ಹರಿಸಿ ಅಡಗಿಸಿದ್ದಕ್ಕಾಗಿ ಇಂಗ್ಲೆಂಡಿನಲ್ಲಿಯೇ ಅನೇಕರ ನಿಂದೆಗೆ ಗುರಿಯಾದ. ಹೆದ್ದಾರಿಗೆ, ಸರೋವರಕ್ಕೆ, ಪರ್ಯಾಯದ್ವೀಪಕ್ಕೆ ಅವನ ಹೆಸರಿದೆ. ಕಡೆಯ ಹೆಜ್ಜೆಯವರೆಗೆ ಜೊತೆಗಿದ್ದ ವೈಲಿ ಆಲ್ಬನಿಯಲ್ಲಿ ತನ್ನವರನ್ನು ಸೇರಿಕೊಂಡ. ಅವನು ಸತ್ತನೆಂದೇ ತಿಳಿದಿದ್ದ ಬಂಧುಗಳು ಅವನನ್ನು ತಬ್ಬಿಕೊಂಡು ಅತ್ತರು.